ಊಟದ ಡಬ್ಬಿಯಿಂದ ಹುಟ್ಟಿದ ನಕ್ಷೆ

ಮಕ್ಕಳೇ, ಈ ಭಾನುವಾರ ಅಪ್ಪನದೋ ಅಮ್ಮನದೋ ಫೋನನ್ನು ಅರ್ಧ ಗಂಟೆ ಕೇಳಿ ಇಸಿದುಕೊಳ್ಳಿ. ಆಟಕ್ಕಲ್ಲ, ನಕ್ಷೆ ನೋಡುವುದಕ್ಕೆ ಎಂದು ಮೊದಲೇ ಹೇಳಿಬಿಡಿ. ನಂಬದಿದ್ದರೆ ಅವರನ್ನೂ ಪಕ್ಕದಲ್ಲೇ ಕೂರಿಸಿಕೊಳ್ಳಿ. ಈ ವಾರದ ಮಾತು ಅವರಿಗೂ ಸೇರಿದ್ದೇ. ಸೇಫ್‌ಕಾಸ್ಟ್ ಎಂಬ ಹೆಸರು ಕೊಟ್ಟು ಹುಡುಕಿದರೆ ಪ್ರಪಂಚದ ಒಂದು ನಕ್ಷೆ ಸಿಗುತ್ತದೆ. ಎರಡು ಬೆರಳಿಟ್ಟು ಹಿಗ್ಗಿಸುತ್ತಾ ಜಪಾನಿಗೆ ಹೋಗಿ. ದೇಶದ ಉದ್ದಗಲಕ್ಕೂ ಜೇಡರ ಬಲೆಯಂತೆ ನೀಲಿ ಗೆರೆಗಳು ಹರಡಿರುವುದು ಕಾಣುತ್ತದೆ. ಟೋಕಿಯೊದಿಂದ ಉತ್ತರಕ್ಕೆ, ಸಮುದ್ರದ ದಡ ಹಿಡಿದು ಫುಕುಶಿಮಾ ಎಂಬಲ್ಲಿಗೆ ಬನ್ನಿ. ಅಲ್ಲಿ ನೀಲಿ ಹೋಗಿ ಕೆಂಪು, ಕಿತ್ತಳೆ, ಹಳದಿ ಬಣ್ಣಗಳು ಬರುತ್ತವೆ.

ಆ ಬಣ್ಣಗಳು ಮಳೆಯದಲ್ಲ, ಬಿಸಿಲಿನದೂ ಅಲ್ಲ. ವಿಕಿರಣದ ಲೆಕ್ಕ ಅದು. ಕಣ್ಣಿಗೆ ಕಾಣದ, ಮೂಗಿಗೆ ವಾಸನೆ ಬಾರದ, ಮುಟ್ಟಿದರೂ ತಿಳಿಯದ ಒಂದು ಸಂಗತಿಯನ್ನು ಬೀದಿ ಬೀದಿಯಾಗಿ ಅಳೆದು ಬರೆದಿಟ್ಟಿದ್ದಾರೆ. ಅಳೆದವರು ಸರ್ಕಾರದ ನೌಕರರಲ್ಲ. ಮನೆ ಮಕ್ಕಳಿರುವ ಸಾಮಾನ್ಯ ಜನ. ಅವರಿಗೆ ಆ ಉಸಾಬರಿ ಏಕೆ ಬಂತು ಎನ್ನುವುದನ್ನು ಮೊದಲು ಹೇಳುತ್ತೇನೆ.

2011ರ ಮಾರ್ಚ್ 11, ಶುಕ್ರವಾರ. ಮಧ್ಯಾಹ್ನ 2 ಗಂಟೆ 46 ನಿಮಿಷಕ್ಕೆ ಜಪಾನಿನ ಪೂರ್ವ ಕರಾವಳಿಯಾಚೆ, ಸಮುದ್ರದಡಿಯಲ್ಲಿ 9ರ ತೀವ್ರತೆಯ ಭೂಕಂಪವಾಯಿತು. ಹಿಂದೆಯೇ ಸುನಾಮಿ ಬಂತು. ಕಡಲದಂಡೆಯಲ್ಲಿದ್ದ ಫುಕುಶಿಮಾ ದಾಯಿಚಿ ಅಣುವಿದ್ಯುತ್ ಸ್ಥಾವರದೊಳಕ್ಕೆ ನೀರು ನುಗ್ಗಿ ತುರ್ತು ಜನರೇಟರುಗಳು ನಿಂತುಹೋದವು. ಒಲೆ ಆರಿಸಿದರೆ ದೋಸೆ ಹಂಚು ಬರಬರುತ್ತಾ ತಾನೇ ತಣ್ಣಗಾಗುತ್ತದೆ. ಅಣು ಇಂಧನ ಹಾಗಲ್ಲ. ಸ್ಥಾವರ ನಿಲ್ಲಿಸಿದ ಮೇಲೂ ಒಳಗಿನಿಂದ ಬಿಸಿ ಹುಟ್ಟಿಸುತ್ತಲೇ ಇರುತ್ತದೆ. ಅದರ ಮೇಲೆ ಸದಾ ನೀರು ಹರಿಸುತ್ತಿರಬೇಕು. ಪಂಪು ಓಡಿಸಲು ವಿದ್ಯುತ್ತೇ ಇಲ್ಲದೆ ಮೂರು ರಿಯಾಕ್ಟರುಗಳ ಇಂಧನ ಕರಗಿತು, ಕಟ್ಟಡಗಳಲ್ಲಿ ಜಲಜನಕ ಅನಿಲ ಸ್ಫೋಟಿಸಿತು. ಅಯೋಡಿನ್, ಸೀಸಿಯಂನಂಥ ವಿಕಿರಣಶೀಲ ಪದಾರ್ಥಗಳು ಗಾಳಿಗೆ ಸೇರಿದವು.

ಆಗ ಸರ್ಕಾರ ಏನು ಮಾಡಿತು? ನೀವು ಜ್ಯಾಮಿಟ್ರಿ ಪೆಟ್ಟಿಗೆಯಿಂದ ಕೈವಾರ ತೆಗೆದು ವೃತ್ತ ಎಳೆಯುತ್ತೀರಲ್ಲ, ಹಾಗೆಯೇ ಸ್ಥಾವರವನ್ನು ನಡುವೆ ಇಟ್ಟು ವೃತ್ತ ಎಳೆಯಿತು. ಮೊದಲು 3 ಕಿಲೋಮೀಟರ್, ಆಮೇಲೆ 10, ಮಾರ್ಚ್ 12ರ ಸಂಜೆಯ ಹೊತ್ತಿಗೆ 20. ಈ ವೃತ್ತದೊಳಗಿನವರು ಮನೆ ಬಿಟ್ಟು ಹೊರಡಬೇಕು ಎಂದಿತು. ಆ ಗಡಿಬಿಡಿಯಲ್ಲಿ ಬೇರೆ ದಾರಿ ಇರಲಿಲ್ಲ ಎನ್ನಿ. ಆದರೆ ಗಾಳಿಗೆ ಕೈವಾರ ಗೊತ್ತಿಲ್ಲವಲ್ಲ! ಮಾರ್ಚ್ 15ರಂದು ಗಾಳಿ ವಾಯುವ್ಯದ ಕಡೆ ಬೀಸಿತು. ಅದೇ ಹೊತ್ತಿಗೆ ಮಳೆ, ಹಿಮ ಬಿದ್ದು ಗಾಳಿಯಲ್ಲಿದ್ದುದನ್ನು ನೆಲಕ್ಕೆ ಇಳಿಸಿದವು. ಹೀಗೆ ಹೆಚ್ಚು ಮಲಿನವಾದ ಜಾಗ ವೃತ್ತದ ಆಕಾರದಲ್ಲಿ ಇರಲೇ ಇಲ್ಲ. ವಾಯುವ್ಯ ದಿಕ್ಕಿಗೆ ಚಾಚಿದ ಒಂದು ನಾಲಗೆಯಂತಿತ್ತು.

ಆ ನಾಲಗೆಯ ಮೇಲೆ, ಸ್ಥಾವರದಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ ಈತಾತೆ ಎಂಬ ಹಳ್ಳಿ. ವೃತ್ತದ ಹೊರಗೆ ಇದ್ದುದರಿಂದ ಜನ ಊರಲ್ಲೇ ಉಳಿದರು. ಅದನ್ನೂ ತೆರವು ಮಾಡಬೇಕು ಎಂದು ಸರ್ಕಾರ ಸಾರಿದ್ದು ಏಪ್ರಿಲ್ 22ಕ್ಕೆ, ಅಂದರೆ ಐದು ವಾರ ಕಳೆದ ಮೇಲೆ. ನಮಿಯೆ ಎಂಬ ಪಟ್ಟಣದವರ ಕಥೆ ಇದಕ್ಕಿಂತ ಸಂಕಟದ್ದು. ಅವರಲ್ಲಿ ಸಾವಿರಾರು ಮಂದಿ ಕಡಲದಂಡೆ ಬಿಟ್ಟು ಬೆಟ್ಟದ ಕಡೆಯ ತ್ಸುಶಿಮಾ ಎಂಬಲ್ಲಿಗೆ ಹೋಗಿ, ಶಾಲೆ ಮುಂತಾದ ಕಡೆ ತಂಗಿದರು. ದೂರ ಬಂದೆವು, ಬದುಕಿದೆವು ಎಂದುಕೊಂಡರು. ಮಕ್ಕಳು ಹೊರಗೆ ಆಡಿಕೊಂಡಿದ್ದರು. ಆ ತ್ಸುಶಿಮಾ ಇದ್ದದ್ದು ಸರಿಯಾಗಿ ನಾಲಗೆಯ ನಡುವೆ.

ಗಾಳಿ ಯಾವ ಕಡೆ ಬೀಸುತ್ತದೆ, ಅದರ ಜೊತೆ ಏನು ಹೋಗುತ್ತದೆ ಎಂದು ಲೆಕ್ಕ ಹಾಕುವ ಸ್ಪೀಡಿ ಎಂಬ ಗಣಕ ವ್ಯವಸ್ಥೆ ಜಪಾನ್ ಸರ್ಕಾರದ ಬಳಿ ಇತ್ತು. ಅದು ಲೆಕ್ಕ ಹಾಕುತ್ತಲೂ ಇತ್ತು. ಸ್ಥಾವರದಿಂದ ಎಷ್ಟು ವಿಕಿರಣ ಹೊರಬೀಳುತ್ತಿದೆ ಎಂಬ ಅಂಕಿಯೇ ಸಿಗದಿರುವಾಗ ಆ ಲೆಕ್ಕವನ್ನು ನೆಚ್ಚುವುದು ಹೇಗೆ ಎಂದು ಅಧಿಕಾರಿಗಳು ಹಿಂಜರಿದರು. ಎಷ್ಟು ಎಂಬುದು ಗೊತ್ತಿಲ್ಲದಿದ್ದರೂ ಯಾವ ದಿಕ್ಕಿಗೆ ಎಂಬುದನ್ನಾದರೂ ಹೇಳಬಹುದಿತ್ತು. ಆ ನಕ್ಷೆ ಮೊದಲ ಸಲ ಜನರ ಮುಂದೆ ಬಂದದ್ದು ಮಾರ್ಚ್ 23ಕ್ಕೆ. ಅಷ್ಟರಲ್ಲಿ ತ್ಸುಶಿಮಾದಲ್ಲಿ ತಂಗಿದ್ದವರು ಅಲ್ಲಿಂದಲೂ ಗಂಟುಮೂಟೆ ಕಟ್ಟಿ ಎಷ್ಟೋ ದಿನವಾಗಿತ್ತು. ಗ್ರಾಹಕ ಹಣ ಕಳೆದುಕೊಂಡು ಹೋದ ಮೇಲೆ ಪಾಸ್‌ಬುಕ್ ಬರೆದುಕೊಟ್ಟರೆ ಏನು ಪ್ರಯೋಜನ ಹೇಳಿ.

ಜನಕ್ಕೆ ಆಗ ಬೇಕಾಗಿದ್ದುದು ಒಂದೇ ಪ್ರಶ್ನೆಗೆ ಉತ್ತರ: ನಮ್ಮ ಬೀದಿಯಲ್ಲಿ ಎಷ್ಟಿದೆ? ವಿಕಿರಣ ಅಳೆಯುವ ಗೈಗರ್ ಕೌಂಟರ್ ಕೊಳ್ಳೋಣವೆಂದರೆ ಅಂಗಡಿಗಳಲ್ಲಿ ಎಲ್ಲ ಖಾಲಿ. ಗೈಗರ್ ಕೌಂಟರ್ ಹಳೆಯ ಸಾಧನ. ಹಾನ್ಸ್ ಗೈಗರ್ ಮತ್ತು ವಾಲ್ಟರ್ ಮ್ಯುಲ್ಲರ್ ಎಂಬ ಜರ್ಮನರು 1928ರಲ್ಲಿ ಇದಕ್ಕೆ ಇಂದಿನ ರೂಪ ಕೊಟ್ಟರು. ಅನಿಲ ತುಂಬಿದ ಒಂದು ಕೊಳವೆ. ವಿಕಿರಣದ ಒಂದು ಕಣ ಅದರೊಳಗೆ ಹೊಕ್ಕರೆ ಕ್ಷಣಮಾತ್ರ ವಿದ್ಯುತ್ ಹರಿದು 'ಟಿಕ್' ಎನ್ನುತ್ತದೆ. ನಿಮಿಷಕ್ಕೆ ಎಷ್ಟು ಟಿಕ್ ಎಂದು ಎಣಿಸಿದರೆ ಆಯಿತು. ಕ್ಯಾಷ್ ಕೌಂಟರಿನಲ್ಲಿ ನೋಟು ಎಣಿಸುವ ಯಂತ್ರ ಬಂದಾಗ ನನಗೆ ಇದರದ್ದೇ ನೆನಪಾಗಿತ್ತು.

ಭೂಕಂಪವಾದ ಮೇಲೆ ಶಾನ್ ಬಾನರ್, ಪೀಟರ್ ಫ್ರಾಂಕನ್, ಜೋಯಿ ಇಟೊ ಮತ್ತು ಅವರ ಗೆಳೆಯರು ಸೇರಿ ಒಂದು ಉಪಾಯ ಮಾಡಿದರು. ಇರುವ ಕೌಂಟರುಗಳು ಕೆಲವೇ. ಮನೆಗೊಂದು ಕೊಡಲಾಗದು. ಒಂದನ್ನು ಕಾರಿಗೆ ಕಟ್ಟಿ ಊರೆಲ್ಲ ಸುತ್ತಿದರೆ ಸಾವಿರ ಮನೆಯ ಬಾಗಿಲಲ್ಲಿ ಅಳೆದಂತಾಗುತ್ತದಲ್ಲ! ಕೌಂಟರ್, ಎಲ್ಲಿದ್ದೇವೆ ಎಂದು ತಿಳಿಸುವ ಜಿಪಿಎಸ್, ಅಂಕಿ ಬರೆದಿಡುವ ಪುಟ್ಟ ಕಾರ್ಡು, ಇಷ್ಟನ್ನೂ ಒಂದು ಗಟ್ಟಿ ಪೆಟ್ಟಿಗೆಯಲ್ಲಿಟ್ಟು ಕಾರಿನ ಕಿಟಕಿಗೆ ಹೊರಗಡೆ ಕಟ್ಟಿದರು. ಆ ಪೆಟ್ಟಿಗೆ ಥೇಟ್ ಜಪಾನೀ ಮಕ್ಕಳು ಶಾಲೆಗೆ ಒಯ್ಯುವ ಊಟದ ಡಬ್ಬಿಯ ಹಾಗಿತ್ತು. ಆ ಡಬ್ಬಿಗೆ ಅವರ ಭಾಷೆಯಲ್ಲಿ ಬೆಂತೊ ಎನ್ನುತ್ತಾರೆ. ಬೆಂತೊದ 'ಬಿ', ಗೈಗರ್‌ನ ಮುದ್ದು ಹೆಸರು 'ಗೈಗೀ', ಎರಡೂ ಸೇರಿ ಸಾಧನದ ಹೆಸರು 'ಬಿಗೈಗೀ' ಆಯಿತು. ಆಮೇಲೆ ಅದರ ಬಿಡಿಭಾಗಗಳನ್ನು ಕಿಟ್ ಮಾಡಿ ಕೊಟ್ಟರು. ಕೊಂಡವರು ತಾವೇ ಬೆಸುಗೆ ಹಾಕಿ ಜೋಡಿಸಿಕೊಳ್ಳಬೇಕು.

ಬಿಗೈಗೀ ಐದು ಸೆಕೆಂಡಿಗೊಮ್ಮೆ ಒಂದು ಅಂಕಿ ಬರೆಯುತ್ತದೆ. ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಐದು ಸೆಕೆಂಡಿನಲ್ಲಿ ಎಷ್ಟು ದೂರ ಹೋಗುತ್ತದೆ? ಲೆಕ್ಕ ಮಾಡಿ, ನಾನು ಕಾಯುತ್ತೇನೆ. ಹೌದು, 50 ಮೀಟರ್. ಅಂದರೆ ಹೆಚ್ಚುಕಡಿಮೆ ನಾಲ್ಕೈದು ಮನೆಗೊಂದು ಅಂಕಿ. ಹೀಗೆ ಸುತ್ತಿದವರಿಗೆ ಮೊದಲು ತಿಳಿದದ್ದೇ, ಒಂದೇ ಊರಿನ ಎರಡು ಬೀದಿಗಳಲ್ಲಿ ಅಂಕಿ ಬೇರೆ ಬೇರೆ ಇರುತ್ತದೆ ಎಂಬುದು. ಸೂರಿನ ನೀರು ಬೀಳುವ ಜಾಗದಲ್ಲಿ, ಚರಂಡಿಯಲ್ಲಿ, ಮಳೆನೀರು ಮಡುಗಟ್ಟುವ ಕಡೆ ಹೆಚ್ಚು. ಇಡೀ ಪಟ್ಟಣಕ್ಕೆ ಒಂದೇ ಸರಾಸರಿ ಹೇಳಿದರೆ ಆ ಮನೆಯ ತಾಯಿಗೆ ಅದರಿಂದ ಏನೂ ತಿಳಿಯದು. ದಾಖಲಾದ ಅಂಕಿಗಳನ್ನೆಲ್ಲ ಇವರು ಯಾರು ಬೇಕಾದರೂ ಬಳಸಿಕೊಳ್ಳಿ ಎಂದು ತೆರೆದಿಟ್ಟರು. ಇಂದು ಅಂಥ ಅಂಕಿಗಳು ಹತ್ತು ಕೋಟಿಗೂ ಹೆಚ್ಚಿವೆ.

ಈಗ ನಕ್ಷೆಯನ್ನು ಓದುವುದು ಹೇಗೆ ಎನ್ನುವುದಕ್ಕೆ ಬರೋಣ. ಬಣ್ಣ ನೋಡಿ ಹೌಹಾರಬೇಡಿ. ಬಣ್ಣದ ಹಿಂದಿನ ಅಂಕಿ ನೋಡಿ, ಅಂಕಿಯ ಪಕ್ಕದ ಮಾನ ನೋಡಿ. ಅಲ್ಲಿ 'ಗಂಟೆಗೆ ಇಷ್ಟು ಮೈಕ್ರೊಸೀವರ್ಟ್' ಎಂದಿರುತ್ತದೆ. ಇದು ನಲ್ಲಿಯಿಂದ ನೀರು ಬರುವ ವೇಗ ಇದ್ದಂತೆ. ವರ್ಷಕ್ಕೆ ನಮ್ಮ ಮೈಗೆ ಒಟ್ಟು ಎಷ್ಟು ತಗಲಿತು ಎನ್ನುವುದು ಬಕೆಟ್ಟಿನಲ್ಲಿ ತುಂಬಿದ ನೀರು. ಅದನ್ನು ಮಿಲಿಸೀವರ್ಟ್‌ನಲ್ಲಿ ಹೇಳುತ್ತಾರೆ. ಸಾವಿರ ಮೈಕ್ರೊ ಸೇರಿದರೆ ಒಂದು ಮಿಲಿ. ನಲ್ಲಿಯ ವೇಗ ಗೊತ್ತಿದ್ದರೆ ಬಕೆಟ್ಟಿನ ಲೆಕ್ಕ ಹಾಕಬಹುದು. ಆ ಒಂದು ಲೆಕ್ಕಕ್ಕಾಗಿ 2011ರಲ್ಲಿ ಜಪಾನಿನ ತಾಯಂದಿರು ಬೀದಿಗಿಳಿದರು.

ಏಪ್ರಿಲ್ 19ರಂದು ಅಲ್ಲಿನ ಶಿಕ್ಷಣ ಸಚಿವಾಲಯ, ಶಾಲೆಯ ಆಟದ ಮೈದಾನದಲ್ಲಿ ಗಂಟೆಗೆ 3.8 ಮೈಕ್ರೊಸೀವರ್ಟ್‌ಗಿಂತ ಕಡಿಮೆ ಇದ್ದರೆ ಮಕ್ಕಳು ಎಂದಿನಂತೆ ಆಡಬಹುದು ಎಂದಿತು. ಈ 3.8 ಎಲ್ಲಿಂದ ಬಂತು? ಪೆನ್ಸಿಲ್ ತೆಗೆದುಕೊಳ್ಳಿ. ಮಗು ದಿನಕ್ಕೆ 8 ಗಂಟೆ ಹೊರಗೆ, 16 ಗಂಟೆ ಮರದ ಮನೆಯೊಳಗೆ ಇರುತ್ತದೆ ಎಂದು ಇಟ್ಟುಕೊಂಡರು. ಮನೆಯೊಳಗೆ ಹೊರಗಿನದರ 0.4 ಪಾಲು ಮಾತ್ರ ತಗಲುತ್ತದೆ. 16ನ್ನು 0.4ರಿಂದ ಗುಣಿಸಿದರೆ 6.4. ಹೊರಗಿನ 8 ಸೇರಿಸಿ, 14.4. ಅದನ್ನು 3.8ರಿಂದ, ಆಮೇಲೆ 365ರಿಂದ ಗುಣಿಸಿ. 19,973 ಮೈಕ್ರೊ ಬರುತ್ತದೆ. ಅಂದರೆ ವರ್ಷಕ್ಕೆ 20 ಮಿಲಿಸೀವರ್ಟ್. ಸಾಮಾನ್ಯ ಜನರಿಗೆ ಎಂದಿನ ದಿನಗಳಲ್ಲಿ ಇರುವ ಮಿತಿ, ಪ್ರಕೃತಿಯಿಂದ ಬರುವುದನ್ನು ಬಿಟ್ಟು, ವರ್ಷಕ್ಕೆ 1 ಮಿಲಿಸೀವರ್ಟ್. ಪ್ರಧಾನಿಯವರ ಸಲಹೆಗಾರರಾಗಿದ್ದ ತಜ್ಞ ತೊಶಿಸೊ ಕೊಸಾಕೊ ಇದನ್ನು ಮಕ್ಕಳ ಮಟ್ಟಿಗೆ ಒಪ್ಪಲಾಗದೆ ಏಪ್ರಿಲ್ ಕೊನೆಯಲ್ಲಿ ರಾಜೀನಾಮೆ ಕೊಟ್ಟರು. ಮೇ ತಿಂಗಳಲ್ಲಿ ಫುಕುಶಿಮಾದ ಪೋಷಕರು ಟೋಕಿಯೊಗೆ ಬಂದು ಸಚಿವಾಲಯದ ಮುಂದೆ ನಿಂತರು. ಮೇ 27ರಂದು ಸಚಿವಾಲಯ, ಶಾಲೆಗಳಲ್ಲಿ ವರ್ಷಕ್ಕೆ 1 ಮಿಲಿಸೀವರ್ಟ್ ಮೀರದಂತೆ ನೋಡಿಕೊಳ್ಳುವುದು ಗುರಿ ಎಂದಿತು. ಮೈದಾನಗಳ ಮೇಲ್ಮಣ್ಣನ್ನು ಕೆರೆದು ತೆಗೆದರು.

ಮುಂದೆ ಯಾವ ಯಾವ ಪ್ರದೇಶವನ್ನು ಶುಚಿ ಮಾಡಬೇಕು ಎಂದು ಗುರುತಿಸಲು 0.23 ಎಂಬ ಅಂಕಿ ಬಂತು. ಅದನ್ನೂ ನೀವೇ ತಾಳೆ ನೋಡಬಹುದು. 0.19ನ್ನು ಅದೇ 14.4ರಿಂದ, ಅದೇ 365ರಿಂದ ಗುಣಿಸಿದರೆ 999 ಮೈಕ್ರೊ. ಅಂದರೆ 1 ಮಿಲಿ. ಅದಕ್ಕೆ ನೆಲದಿಂದ ಸಹಜವಾಗಿ ಬರುವ 0.04 ಸೇರಿಸಿದರೆ 0.23. ಲೆಕ್ಕದ ದಾರಿ ಎರಡು ಸಲವೂ ಒಂದೇ, ಗುಣಾಕಾರದಲ್ಲಿ ತಪ್ಪಿಲ್ಲ. ಮಕ್ಕಳಿಗೆ ಎಷ್ಟು ಆಗಬಹುದು ಎಂದು ದೊಡ್ಡವರು ಒಪ್ಪಿಕೊಂಡದ್ದು ಮಾತ್ರ ಬೇರೆ. ನಕ್ಷೆಯಲ್ಲಿ ಒಂದು ಬಣ್ಣ ಮುಗಿದು ಇನ್ನೊಂದು ಶುರುವಾಗುವ ಗೆರೆಯನ್ನು ಎಲ್ಲಿ ಎಳೆಯಬೇಕು ಎನ್ನುವುದೂ ಹೀಗೆ ಯಾರೋ ಕೂತು ತೀರ್ಮಾನಿಸಿದ್ದೇ.

ಮಾನ ನೋಡಿ ಎಂದೆನಲ್ಲ, ಅದಕ್ಕೆ ಇನ್ನೊಂದು ಕಾರಣವಿದೆ. ಆ ಅಪಘಾತದ ಬಳಿಕ ಒಂದು ನಕ್ಷೆ ಜಗತ್ತೆಲ್ಲ ಸುತ್ತಿತು. ಜಪಾನಿನಿಂದ ಹೊರಟ ಕೆಂಪು, ಹಳದಿ ಜ್ವಾಲೆಗಳು ಪೆಸಿಫಿಕ್ ಸಾಗರವನ್ನೆಲ್ಲ ಆವರಿಸಿ ಅಮೆರಿಕದವರೆಗೆ ಹಬ್ಬಿದ್ದವು. ವಿಕಿರಣ ಹರಡಿದ್ದು ನೋಡಿ ಎಂದು ಜನ ಒಬ್ಬರಿಗೊಬ್ಬರು ಕಳಿಸಿದರು. ಅದು ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆ ತಯಾರಿಸಿದ ಸುನಾಮಿ ಅಲೆಗಳ ಎತ್ತರದ ನಕ್ಷೆ. ಪಕ್ಕದ ಪಟ್ಟಿಯಲ್ಲಿ ಸೆಂಟಿಮೀಟರ್ ಎಂದು ಬರೆದಿತ್ತು. ವಿಕಿರಣವನ್ನು ಸ್ಕೇಲಿನಲ್ಲಿ ಅಳೆಯುತ್ತಾರೆಯೇ? ಪಟ್ಟಿ ಓದಿದ್ದರೆ ಸಾಕಿತ್ತು. ಫೋನಿನಲ್ಲಿ ಬಂದದ್ದನ್ನು ಬಂದ ಹಾಗೆ ಮುಂದಕ್ಕೆ ತಳ್ಳುವ ದೊಡ್ಡವರಿಗೆ ಈ ಸಾಲನ್ನು ದಯವಿಟ್ಟು ಗಟ್ಟಿಯಾಗಿ ಓದಿ ಹೇಳಿ.

ನೀಲಿ ಎಂದರೆ ಸೊನ್ನೆಯೂ ಅಲ್ಲ. ಬಂಡೆ, ಮಣ್ಣು, ಆಕಾಶ ಎಲ್ಲದರಿಂದಲೂ ಸ್ವಲ್ಪ ವಿಕಿರಣ ಬರುತ್ತಲೇ ಇರುತ್ತದೆ. ಪ್ರಪಂಚದ ಸರಾಸರಿ ತೆಗೆದರೆ ಒಬ್ಬರಿಗೆ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್ ಹೀಗೆ ಪ್ರಕೃತಿಯಿಂದಲೇ ಸಿಗುತ್ತದೆ. ಕೇರಳದ ಕರುನಾಗಪಳ್ಳಿಯ ಕಡಲ ಮರಳಿನಲ್ಲಿ, ನಮ್ಮ ಮಂಗಳೂರಿನ ಪಕ್ಕದ ಉಳ್ಳಾಲದ ಮರಳಿನಲ್ಲಿ ಮೊನಜೈಟ್ ಎಂಬ ಖನಿಜವಿದೆ. ಅದರಲ್ಲಿ ಥೋರಿಯಂ ಇರುವುದರಿಂದ ಅಲ್ಲಿ ಉಳಿದ ಕಡೆಗಿಂತ ಸಹಜವಾಗಿಯೇ ಹೆಚ್ಚು. ಅದಕ್ಕೆ ಕಾರ್ಖಾನೆಯೂ ಕಾರಣವಲ್ಲ, ಅಪಘಾತವೂ ಕಾರಣವಲ್ಲ. ಅದು ಆ ನೆಲದ ಗುಣ.

ಹೆದರಿಕೆಗೂ ಬೆಲೆ ತೆರಬೇಕಾಗುತ್ತದೆ ಎನ್ನುವುದನ್ನು ಅಪ್ಪ ಅಮ್ಮಂದಿರು ಗಮನಿಸಬೇಕು. ಫುಕುಶಿಮಾದ ನಿವಾಸಿಗಳಲ್ಲಿ ನೇರವಾಗಿ ಈ ವಿಕಿರಣದಿಂದಲೇ ಆಯಿತು ಎನ್ನಬಹುದಾದ ಆರೋಗ್ಯ ಹಾನಿ ದಾಖಲಾಗಿಲ್ಲ ಎಂದು ವಿಶ್ವಸಂಸ್ಥೆಯ ವಿಜ್ಞಾನ ಸಮಿತಿ 2021ರಲ್ಲಿ ಪ್ರಕಟವಾದ ವರದಿಯಲ್ಲಿ ಹೇಳಿದೆ. ಆದರೆ ಮನೆಮಠ ಬಿಟ್ಟ ಬವಣೆಯಲ್ಲಿ, ಆಸ್ಪತ್ರೆಯಿಂದ ಆಸ್ಪತ್ರೆಗೆ ಸಾಗಿಸುವಾಗ, ತಂಗುದಾಣಗಳಲ್ಲಿ ನಲುಗಿ ಆ ಪ್ರಾಂತದ 2,000ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಬಹುಪಾಲು ನನ್ನಂಥ ವಯಸ್ಸಾದವರು. ಎಲ್ಲಿಂದ ಓಡಬೇಕು ಎನ್ನುವುದಕ್ಕೆ ಅಳತೆ ಎಷ್ಟು ಬೇಕೋ ಎಲ್ಲಿ ಉಳಿಯಬಹುದು ಎನ್ನುವುದಕ್ಕೂ ಅಷ್ಟೇ ಬೇಕು.

ನನ್ನ ಮೊಮ್ಮಗಳು ಈ ನಕ್ಷೆಯನ್ನು ಹಿಗ್ಗಿಸಿ ನೋಡುತ್ತಾ, "ತಾತ, ಗೆರೆಗಳ ನಡುವೆ ಬಣ್ಣವೇ ಇಲ್ಲವಲ್ಲ, ಅಲ್ಲಿ ಏನೂ ಆಗಿಲ್ವಾ?" ಎಂದು ಕೇಳಿದಳು. ಈ ನಕ್ಷೆಯ ಬಗ್ಗೆ ಕೇಳಬೇಕಾದ ಪ್ರಶ್ನೆ ಇದೇ. ಗೆರೆಗಳು ಇರುವಲ್ಲೆಲ್ಲ ರಸ್ತೆ ಇದೆ. ಕಾರು ಹೋದ ಕಡೆ ಅಳತೆಯಾಗಿದೆ. ನಡುವಿನದು ಗದ್ದೆ, ಬೆಟ್ಟ, ಕಾಡು. ಅಲ್ಲಿಗೆ ಡಬ್ಬಿ ಹೋಗಿಲ್ಲ. ಬ್ಯಾಂಕಿನಲ್ಲಿ ಕೈಬರಹದ ಲೆಡ್ಜರ್ ಇದ್ದ ಕಾಲದಲ್ಲಿ ನಮಗೊಂದು ಕಟ್ಟಳೆ ಇತ್ತು. ವಹಿವಾಟು ಇಲ್ಲದ ಕಡೆ 'ನಿಲ್' ಎಂದು ಬರೆಯಬೇಕು. ಸುಮ್ಮನೆ ಖಾಲಿ ಬಿಡುವಂತಿಲ್ಲ. 'ನಿಲ್' ಎಂದರೆ ನೋಡಿದ್ದೇನೆ, ಏನೂ ಇಲ್ಲ ಎಂದು ಅರ್ಥ. ಖಾಲಿ ಎಂದರೆ ಇನ್ನೂ ಯಾರೂ ನೋಡಿಲ್ಲ. ಲೆಕ್ಕ ತಪಾಸಣೆಗೆ ಬಂದವರು ಬರೆದ ಅಂಕಿಗಿಂತ ಮೊದಲು ಖಾಲಿ ಜಾಗದ ಮೇಲೆ ಬೆರಳಿಡುತ್ತಿದ್ದರು.

ಫುಕುಶಿಮಾದಲ್ಲಿ ಈ ಖಾಲಿ ಜಾಗ ಸಣ್ಣದೇನಲ್ಲ. ಮನೆ, ರಸ್ತೆ, ಹೊಲಗದ್ದೆಗಳನ್ನು ತೊಳೆದು ಕೆರೆದು ಶುಚಿ ಮಾಡಿದರು. ಕಾಡಿನಲ್ಲಿ ಮಾತ್ರ ಜನವಸತಿಗೆ ತಾಗಿದ ಸುಮಾರು 20 ಮೀಟರ್ ಅಂಚಿನವರೆಗೆ ಹೋಗಿ ನಿಂತರು. ಸೀಸಿಯಂ-134 ಎರಡು ವರ್ಷಕ್ಕೆ ಅರ್ಧವಾಗುತ್ತದೆ. ಅದರ ಅಣ್ಣ ಸೀಸಿಯಂ-137 ಅರ್ಧವಾಗಲು 30 ವರ್ಷ ಬೇಕು. ಹಾಗಾಗಿ ನೀವು ನೋಡುವ ಅಳತೆ ಯಾವ ವರ್ಷದ್ದು ಎಂದೂ ಗಮನಿಸಬೇಕು. 2011ರ ಕಿತ್ತಳೆ ಇವತ್ತಿಗೂ ಕಿತ್ತಳೆಯೇ ಆಗಿರಬೇಕಿಲ್ಲ. ಈತಾತೆಯ ಬಹುಭಾಗಕ್ಕೆ 2017ರ ಮಾರ್ಚ್ ಕೊನೆಗೆ ಜನ ಮರಳಬಹುದು ಎಂದರು. ತ್ಸುಶಿಮಾದ ಒಂದು ಭಾಗಕ್ಕೆ ಆ ಅಪ್ಪಣೆ ಸಿಕ್ಕಿದ್ದು 2023ರ ಮಾರ್ಚ್ 31ಕ್ಕೆ. ಅಂದು ಶಾಲೆಯಂಗಳದಲ್ಲಿ ಆಡಿದ್ದ ಆರು ವರ್ಷದ ಮಗುವಿಗೆ ಅಷ್ಟರಲ್ಲಿ ಹದಿನೆಂಟು.

ನಮ್ಮಲ್ಲಿ ಇಂಥದ್ದೇನಾದರೂ ಇದೆಯೇ ಎಂದು ಕೇಳುತ್ತೀರಿ. ಗಾಳಿಯ ಗುಣಮಟ್ಟದ್ದು ಇದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 'ಸಮೀರ್' ಆ್ಯಪ್‌ನಲ್ಲಿ ದೇಶದ ಅಳತೆ ಕೇಂದ್ರಗಳೆಲ್ಲ ಸಿಗುತ್ತವೆ. ಬೆಂಗಳೂರಿನಲ್ಲಿ ಪೀಣ್ಯ, ಸಿಲ್ಕ್ ಬೋರ್ಡ್ ಮುಂತಾದ ಕಡೆ ಕೇಂದ್ರಗಳಿವೆ. 0ಯಿಂದ 50ರವರೆಗೆ ಚೆನ್ನಾಗಿದೆ, 400 ದಾಟಿದರೆ ತೀರಾ ಕೆಟ್ಟದ್ದು. ಹಲವು ಮಾಲಿನ್ಯಗಳನ್ನು ಅಳೆದು ಅವುಗಳಲ್ಲಿ ಅತಿ ಕೆಟ್ಟದ್ದರ ಅಂಕಿಯನ್ನೇ ಆ ಜಾಗದ ಅಂಕಿ ಎಂದು ತೋರಿಸುತ್ತಾರೆ, ಸರಾಸರಿ ಮಾಡುವುದಿಲ್ಲ. ಇದು ನನಗೆ ಮೆಚ್ಚಿಗೆಯಾದ ಪದ್ಧತಿ. ಗಣಿತದಲ್ಲಿ ನಪಾಸಾದವನನ್ನು ಕನ್ನಡದ ಅಂಕ ಸೇರಿಸಿ ಪಾಸು ಮಾಡುವುದಿಲ್ಲವಲ್ಲ, ಹಾಗೆ. ದಿನದ 24 ಗಂಟೆಯಲ್ಲಿ ಕನಿಷ್ಠ 16 ಗಂಟೆಯ ಅಳತೆ ಇಲ್ಲದಿದ್ದರೆ ಅಂಕಿಯನ್ನೇ ಕೊಡುವುದಿಲ್ಲ.

ಈ ವಾರದ ಕೆಲಸ ಇಷ್ಟು. ಆ ನಕ್ಷೆಯಲ್ಲಿ ನಿಮ್ಮ ಶಾಲೆ ಇರುವ ಜಾಗವನ್ನು ಹುಡುಕಿ. ಅದಕ್ಕೆ ಅತಿ ಹತ್ತಿರದ ಅಳತೆ ಕೇಂದ್ರ ಯಾವ ಊರಿನದು, ಎಷ್ಟು ಕಿಲೋಮೀಟರ್ ದೂರ ಎಂದು ಬರೆದುಕೊಳ್ಳಿ. ಶಾಲೆಗೂ ಕೇಂದ್ರಕ್ಕೂ ನಡುವೆ ಏನೇನಿದೆ, ಕ್ವಾರಿಯೋ, ಇಟ್ಟಿಗೆ ಗೂಡೋ, ಹೆದ್ದಾರಿಯೋ, ಬರೀ ಹೊಲವೋ, ಅದನ್ನೂ ಸೇರಿಸಿ. ಒಂದು ಅಂಚೆ ಕಾರ್ಡಿನಲ್ಲಿ ಹಿಡಿಸುವಷ್ಟು ಬರೆದು ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಬಂದ ಊರುಗಳನ್ನೆಲ್ಲ ಕರ್ನಾಟಕದ ನಕ್ಷೆಯ ಮೇಲೆ ನಾನು ಚುಕ್ಕಿ ಇಟ್ಟು ಗುರುತು ಮಾಡುತ್ತೇನೆ. ದೂರವನ್ನು ಕಿಲೋಮೀಟರಿನಲ್ಲೇ ಬರೆಯಿರಿ, 'ತುಂಬಾ ದೂರ' ಎಂದು ಬರೆದರೆ ಲೆಡ್ಜರಿಗೆ ಹತ್ತುವುದಿಲ್ಲ.